ರೊಟ್ಟಿ ದೇವಕ್ಕ, ಬಲ ಒಂದು

ಧಾರಾವಿ,
ಬುಧವಾರ, ೧೨-೨-೨೦೨೫

ನನ್ನ ದಾನವ್ವಾ,

ನಾವೆಲ್ಲ ಇಲ್ಲಿ ಕ್ಷೇಮ ಎಂದು ಶುರು ಮಾಡಬೇಕು, ಪತ್ರ ಬರೆಯುವ ಪದ್ಧತಿಯೇ ಅದು ಎಂದು ಊರಿನ ಶಾಲೆಯಲ್ಲಿ ಮಾಸ್ತರರು ಕಲಿಸಿದ್ದರು. ನಿನ್ನ ಅಪ್ಪ ಕ್ಷೇಮವಾಗಿದ್ದಾರೆ. ಚೆಂಬೂರಿನ ಸೊಸೈಟಿಯವರು ವಾಚ್‌ಮನ್‌ಗಳಿಗೆಲ್ಲ ಸ್ವೆಟರ್ ಕೊಟ್ಟಿದ್ದಾರೆ. ಬಿಸಿಲು ಏರಿದರೂ ಅದನ್ನು ತೆಗೆಯದೆ ಗೇಟಿನ ಮುಂದೆ ಬೆವರುತ್ತ ಕೂರುತ್ತಾರೆ. ಕ್ಷೇಮವಿಲ್ಲದವಳು ನಾನು. ಗಾಬರಿಯಾಗಬೇಡ, ಮೈಗೆ ಏನೂ ಆಗಿಲ್ಲ. ನಾಚಿಕೆಯಾಗಿದೆ. ಎಷ್ಟು ಎಂದರೆ, ಬೆಳಿಗ್ಗೆ ನೀರಿನ ಸಾಲಿನಲ್ಲಿ ಪಕ್ಕದ ಮನೆಯ ಹಜರತಬಿ ಮಾತಾಡಿಸಿದರೂ ಕೊಡದ ಕಡೆಗೇ ನೋಡುತ್ತ ನಿಂತಿದ್ದೆ.

ಧಾರಾವಿಯಿಂದ ಬೊರಿವಲಿಗೆ ಪತ್ರ ಬರೆಯುವ ಹುಚ್ಚಿ ಇಡೀ ಮುಂಬಯಿಯಲ್ಲಿ ನಾನೊಬ್ಬಳೇ ಎಂದು ನೀನು ನಗುತ್ತೀ. ನಗು. ಫೋನ್ ಮಾಡಿದರೆ ನೀನು ಲೋಕಲ್‌ನಲ್ಲಿ ಜೋತಾಡುತ್ತಿರುತ್ತೀ, ಅರ್ಧ ಮಾತು ಕೇಳಿಸುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಎಂದರೆ, ಫೋನಿನಲ್ಲಿ ನನಗೆ ಸುಳ್ಳು ಸಲೀಸಾಗಿ ಬರುತ್ತದೆ ಎಂದು ಈಚೆಗೆ ಗೊತ್ತಾಯಿತು. ಕಾಗದದ ಮೇಲೆ ಹಾಗಲ್ಲ, ಬರೆದದ್ದನ್ನು ನಾನೇ ಇನ್ನೊಮ್ಮೆ ಓದಬೇಕು. ನೀನು ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಕಲಿತದ್ದು ಇವತ್ತಾದರೂ ಉಪಯೋಗಕ್ಕೆ ಬರಲಿ. ಅವಸರ ಮಾಡದೆ ಓದು.

ಮೊದಲು ಕೆಲಸದ ಮಾತು. ಶುಕ್ರವಾರ ಆಟದ ಕಾರ್ಡುಗಳನ್ನು ಛಾಪಖಾನೆಗೆ ಕಳಿಸುತ್ತೇನೆ, ಕಡಿಮೆ ನಂಬರಿನ ಸಣ್ಣ ಮಂದಿಯ ಕಾರ್ಡುಗಳನ್ನೆಲ್ಲ ತೆಗೆದುಹಾಕಿದ್ದೇನೆ, ಅವುಗಳಿಂದ ಯಾರೂ ಗೆಲ್ಲಲಾರರು ಎಂದು ಹೇಳಿದೆಯಲ್ಲ, ಹಾಗೆ ಕಳಿಸಬೇಡ. ಆ ಭಾನುವಾರ ನಮ್ಮ ಮನೆಯಲ್ಲಿ ಸಣ್ಣ ಮಂದಿ ಸೋತದ್ದು ನೀನು ಆಟವನ್ನು ತಪ್ಪಾಗಿ ಕಟ್ಟಿದ್ದರಿಂದ ಅಲ್ಲ. ಸೋಲಿಸಿದವಳು ನಾನು. ಬೇರೆ ಏನೂ ಓದಲು ಪುರಸೊತ್ತಿಲ್ಲದಿದ್ದರೆ ಇಷ್ಟನ್ನಾದರೂ ನಂಬಿ ಛಾಪಖಾನೆಯವರಿಗೆ ತಡೆಯಲು ಹೇಳು. ಪುರಸೊತ್ತು ಇದ್ದರೆ ಮುಂದೆ ಓದು.

ಎರಡು ವರ್ಷದಿಂದ ನೀನು ಈ ಕಾರ್ಡುಗಳ ಹಿಂದೆ ಬಿದ್ದಿದ್ದೀ. ಆಫೀಸು ಮುಗಿಸಿ ಬಂದು ಬರೆಯುವುದು, ನಿನ್ನ ಗೆಳತಿ ದಿಲನಾಜ ಚಿತ್ರ ಬಿಡಿಸುವುದು, ಕತ್ತರಿಸುವುದು, ಮತ್ತೆ ಹರಿದು ಎಸೆಯುವುದು. ‘ಇಸ್ಪೀಟು ಆಡ್ಲಿಕ್ಕ ಓದಿಸಿದೆನಾ’ ಎಂದು ನಿನ್ನ ಅಪ್ಪ ಗೊಣಗಿದಾಗ ನಿನ್ನ ಪರವಾಗಿ ಜಗಳವಾಡಿದವಳು ನಾನೇ. ನಮ್ಮ ಗಲ್ಲಿಯ ಜನರನ್ನೇ ಕಾರ್ಡಿನ ಮೇಲೆ ತಂದಿದ್ದೀ, ಚಂದದ ಆಟ, ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆಟ ಮಾತ್ರ ನನಗೆ ಸ್ವಲ್ಪವೂ ಗೊತ್ತಿರಲಿಲ್ಲ.

ಆ ಭಾನುವಾರ ಹರಿಣಿ ಬಾಯಿಯವರನ್ನು ಕರೆದುಕೊಂಡು ಬರುತ್ತೇನೆ, ಆಟ ಛಾಪಿಸಿ ಮಾರುವವರು ಅವರೇ, ಈ ಗಲ್ಲಿ ನೋಡಿ ಇಲ್ಲಿಯೇ ಕುಳಿತು ಆಡಬೇಕಂತೆ ಎಂದು ನೀನು ಹೇಳಿದೆ. ಜೊತೆಗೆ ನಿಮ್ಮ ಆಫೀಸಿನ ಶರಣು ಕೂಡ ಬರುತ್ತಾನೆ ಎಂದೆ. ಅವನ ಹೆಸರನ್ನು ನೀನು ಎಲ್ಲರ ಹೆಸರಿನ ಕೊನೆಗೆ, ಏನೂ ಅಲ್ಲ ಎನ್ನುವ ಹಾಗೆ ಹೇಳಿದೆ. ನಾನು ನಿನ್ನನ್ನು ಹೆತ್ತವಳು, ಹಾಗೆ ಹೇಳಿದ್ದಕ್ಕೇ ನನಗೆ ಅರ್ಥವಾಯಿತು.

ಹಿಂದಿನ ದಿನವೇ ನಾನು ರೊಟ್ಟಿ ಬುಟ್ಟಿಗಳನ್ನು, ಹಿಟ್ಟಿನ ಡಬ್ಬಿಗಳನ್ನು, ದೊಡ್ಡ ಹೆಂಚನ್ನು ಹಜರತಬಿಯ ಮನೆಗೆ ಸಾಗಿಸಿದೆ. ಜಾಗ ಆಗಲಿ ಎಂದು ಸಾಗಿಸಿದೆ ಎಂದು ನಿನಗೆ ಹೇಳಿದ್ದೆ. ಜಾಗಕ್ಕಲ್ಲ. ಖಾನಾವಳಿಗಳಿಗೆ ರೊಟ್ಟಿ ಬಡಿದು ಹಾಕುವವಳ ಮನೆ ಎಂದು ಬಂದವರಿಗೆ ಕಾಣಬಾರದು ಎಂದು. ನಿನ್ನ ಚಿಕ್ಕಪ್ಪನ ಮದುವೆಯ ಸೀರೆ ಉಟ್ಟೆ. ಊಟಕ್ಕೆ ಕುಳಿತಾಗ ಹರಿಣಿ ಬಾಯಿಯವರು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಇಷ್ಟು ತೆಳ್ಳಗೆ ಯಾರು ಮಾಡಿದರು ಎಂದು ಕೇಳಿದರು. ನಾನು, ಅಂಗಡಿಯಿಂದ ತರಿಸಿದ್ದು ಎಂದೆ. ನೀನು ಆಗ ನೀರು ತರಲು ಹೋಗಿದ್ದೆ, ನಿನಗೆ ಕೇಳಿಸಿರಲಿಕ್ಕಿಲ್ಲ. ಶರಣು ಮಾತ್ರ ಮೇಲಿಂದ ಮೇಲೆ ಹಾಕಿಸಿಕೊಂಡ. ಅಂಗಡಿಯ ರೊಟ್ಟಿ ಎಂದು ಸುಳ್ಳು ಹೇಳಿದ ಬಾಯಿಂದಲೇ ಇನ್ನೊಂದು ಹಾಕಿಸಿಕೊಳ್ಳಿ ಎಂದು ಉಪಚಾರ ಮಾಡುತ್ತಿದ್ದೆ.

ಊಟವಾದ ಮೇಲೆ ಆಡಲು ಒಬ್ಬರು ಕಡಿಮೆ ಬಿದ್ದರು. ಆಡಲು ಬರಬೇಕಿದ್ದ ಅನಿಲನ ಟ್ರೇನು ಕುರ್ಲಾದಲ್ಲಿ ನಿಂತಿತ್ತು. ನೀನು ನನ್ನನ್ನು ಕೂರಿಸಿದೆ. ನನಗೆ ಇಂಗ್ಲಿಷ್ ಬಾರದು ಎಂದೆ. ಆಗ ನೀನು ಹೇಳಿದ್ದು ನೆನಪಿದೆಯಾ?

‘ಅವ್ವಾ, ಮ್ಯಾಲಿನ ಮೂಲ್ಯಾಗ ನಂಬರ್ ಅದ ನೋಡು, ಅಷ್ಟ ನೋಡು. ಕೆಳಗಿಂದು ಓದೂದು ಬ್ಯಾಡ.’

ನಾನು ಹಾಗೆಯೇ ಮಾಡಿದೆ. ಇದನ್ನು ನಿನ್ನ ಮೇಲೆ ಹಾಕಲು ಹೇಳುತ್ತಿಲ್ಲ. ನಡೆದದ್ದನ್ನು ಹೇಳುತ್ತಿದ್ದೇನೆ.

ಎಲ್ಲರೂ ಸುತ್ತಲೂ ಕೂರುವುದು, ಒಬ್ಬೊಬ್ಬರಿಗೆ ಕಾರ್ಡುಗಳ ಒಂದೊಂದು ಪಾಕೀಟು, ಒಡೆದು ಒಂದು ಕಾರ್ಡು ಇಟ್ಟುಕೊಂಡು ಉಳಿದದ್ದನ್ನು ಎಡಗಡೆಯವರಿಗೆ ದಾಟಿಸುವುದು, ಬಲಗಡೆಯಿಂದ ಬಂದದ್ದರಲ್ಲಿ ಮತ್ತೊಂದು ಇಟ್ಟುಕೊಳ್ಳುವುದು. ಎಲ್ಲ ಖರ್ಚಾಗುವವರೆಗೆ ಹೀಗೆಯೇ. ಆಮೇಲೆ ತಮ್ಮ ತಮ್ಮ ಪಾಲಿಗೆ ಬಂದದ್ದರಲ್ಲಿಯೇ ಇಬ್ಬಿಬ್ಬರು ಎದುರು ಕುಳಿತು ಆಡುವುದು. ಮೂಲೆಯ ನಂಬರೇ ಕಾರ್ಡಿನ ಬಲ, ಹೆಚ್ಚು ಬಲದ್ದು ಕಡಿಮೆಯದನ್ನು ಹೊರಗೆ ಹಾಕುತ್ತದೆ. ಇದಕ್ಕೆ ನೀವು ಡ್ರಾಫ್ಟ್ ಎನ್ನುತ್ತೀರಿ. ನಿನ್ನ ಆಟವನ್ನು ನಿನಗೇ ವಿವರಿಸುತ್ತಿದ್ದಾಳೆ ಎಂದು ನಗಬೇಡ. ಇದು ನನಗೆ ಹೇಗೆ ಕಂಡಿತು ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನನಗೆ ಇದು ಅರಿಶಿನ ಕುಂಕುಮದ ದಿನ ಸಿಹಿಯ ತಾಟು ಸುತ್ತುವ ಹಾಗೆ ಕಂಡಿತು. ತಾಟು ಕೈಗೆ ಬಂದರೆ ಏನು ಮಾಡಬೇಕು? ಸಣ್ಣ ತುಂಡು ತೆಗೆದುಕೊಂಡು, ದೊಡ್ಡದನ್ನು ಮುಂದಿನವರಿಗೆ ಬಿಟ್ಟು ದಾಟಿಸಬೇಕು. ನಿನಗೂ ಚಿಕ್ಕಂದಿನಲ್ಲಿ ಹಾಗೆಯೇ ಕಲಿಸಿದ್ದೇನೆ. ಒಮ್ಮೆ ನೀನು ದೊಡ್ಡ ಉಂಡೆಗೆ ಕೈ ಹಾಕಿದಾಗ ತೊಡೆ ಚಿವುಟಿದ್ದೂ ಉಂಟು. ಅದೂ ನನ್ನ ಎಡಗಡೆ ಕುಳಿತದ್ದು ಶರಣು. ನಾಳೆ ಮನೆಯವನೇ ಆಗಬಹುದಾದ ಹುಡುಗನ ಕಣ್ಣ ಮುಂದೆಯೇ ಏಳು ನಂಬರಿನ ಬಿಲ್ಡರ್ ಸೇಠನನ್ನು ನಾನು ಬಾಚಿಕೊಳ್ಳಲೇ? ಸೇಠನನ್ನು ದಾಟಿಸಿದೆ. ಆರು ನಂಬರಿನ ರಿಫೈನರಿ ಸಾಹೇಬನನ್ನು ದಾಟಿಸಿದೆ. ಪ್ರತಿ ಸುತ್ತಿನಲ್ಲಿಯೂ ಹುಡುಕಿ ಹುಡುಕಿ ಎಲ್ಲಕ್ಕಿಂತ ಕಡಿಮೆ ನಂಬರಿನದನ್ನು ಇಟ್ಟುಕೊಂಡೆ. ಚಹಾದ ಹುಡುಗ, ಚರ್ಮ ಹೊಲಿಯುವವನು, ಪ್ಲಾಸ್ಟಿಕ್ ಆರಿಸುವವಳು, ರಾತ್ರಿ ವಾಚ್‌ಮನ್. ಆ ವಾಚ್‌ಮನ್‌ಗೆ ಥೇಟ್ ನಿನ್ನ ಅಪ್ಪನ ಮೀಸೆ. ಶರಣು ಪ್ರತಿ ಸಲ ಪಾಕೀಟು ನೋಡಿ ಹಿಗ್ಗುತ್ತಿದ್ದ. ಸಂಸ್ಕಾರ ತೋರಿಸಿದೆ ಎಂದು ನಾನೂ ಒಳಗೊಳಗೇ ಹಿಗ್ಗುತ್ತಿದ್ದೆ.

ಅಷ್ಟರಲ್ಲಿ ಬಲಗಡೆಯಿಂದ ದಿಲನಾಜ ದಾಟಿಸಿದ ಕಾರ್ಡುಗಳಲ್ಲಿ ನಾನೇ ಬಂದೆ.

ಹೆಸರು ಇಂಗ್ಲಿಷಿನಲ್ಲಿ ಇತ್ತು, ಮುಖ ನನ್ನದೇ. ಮೂಗುತಿ, ಮಣಿಕಟ್ಟಿನ ಮೇಲಿನ ಸುಟ್ಟ ಕಲೆ, ಮೊಣಕೈವರೆಗೆ ಹಿಟ್ಟು, ಸೀರೆ ಮೇಲಕ್ಕೆ ಸಿಕ್ಕಿಸಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದೇನೆ. ಯಾವುದನ್ನು ಹಜರತಬಿಯ ಮನೆಯಲ್ಲಿ ಮುಚ್ಚಿಟ್ಟು ಬಂದಿದ್ದೆನೋ ಅದೆಲ್ಲ ಅಲ್ಲಿ ಬಣ್ಣದಲ್ಲಿ ಕುಳಿತಿತ್ತು. ಆದರೆ ನಿಜ ಹೇಳುತ್ತೇನೆ, ಕಣ್ಣು ಅಲ್ಲಿ ನಿಲ್ಲಲಿಲ್ಲ. ನೀನು ಹೇಳಿದ್ದೆಯಲ್ಲ, ನಂಬರ್ ನೋಡು ಎಂದು. ಮೇಲಿನ ಮೂಲೆ ನೋಡಿದೆ. ಒಂದು ಎಂದು ಇತ್ತು.

ಚಹಾದ ಹುಡುಗನಿಗೂ ಎರಡು ಕೊಟ್ಟಿದ್ದೆ, ದಾನವ್ವಾ. ನನಗೆ ಒಂದು.

ಹೊತ್ತು ಮೂಡುವ ಮೊದಲೇ ಎದ್ದು ಹಿಟ್ಟು ನಾದಿ ನಿನ್ನನ್ನು ಓದಿಸಿದವಳಿಗೆ ನೀನು ಹಾಕಿದ ಕಿಮ್ಮತ್ತು ಇಷ್ಟೇನಾ ಎಂದುಕೊಂಡೆ. ಬಿಟ್ಟುಕೊಟ್ಟರೆ ಶರಣುವಿನ ಕೈಗೆ ಹೋಗುತ್ತದೆ. ನಮ್ಮ ದಾನಿಯ ಅವ್ವ ಒಂದು ನಂಬರಿನವಳು ಎಂದು ಅವನು ನೋಡುತ್ತಾನೆ, ಹರಿಣಿ ಬಾಯಿಯವರು ನೋಡುತ್ತಾರೆ. ಇಟ್ಟುಕೊಂಡೆ. ಆಮೇಲೆ ಆಡಲು ಕುಳಿತಾಗ ಅದನ್ನು ಕೈಯಲ್ಲಿಯೂ ಹಿಡಿಯದೆ ತೊಡೆಯ ಕೆಳಗೆ ಸರಿಸಿ ಮೇಲೆ ಸೀರೆ ಎಳೆದುಕೊಂಡೆ. ಆಟ ಮುಗಿಯುವವರೆಗೆ ಅದರ ಮೇಲೆಯೇ ಕುಳಿತಿದ್ದೆ. ನೀನು ಆಗ ಹರಿಣಿ ಬಾಯಿಯವರ ಪಕ್ಕದಲ್ಲಿ ಇದ್ದೆ. ಶರಣು ತನ್ನ ಸೇಠ್, ಸಾಹೇಬರನ್ನೆಲ್ಲ ಒಬ್ಬೊಬ್ಬರನ್ನಾಗಿ ಇಳಿಸಿ ನನ್ನ ಸಣ್ಣ ಮಂದಿಯನ್ನು ಗುಡಿಸಿ ಹಾಕಿದ. ಪಾಪ, ಪ್ರತಿ ಸಲ ‘ಸಾರಿ ಆಂಟಿ’ ಎನ್ನುತ್ತಿದ್ದ. ಕಾರ್ಡುಗಳನ್ನೆಲ್ಲ ಕೂಡಿಸುವಾಗ ನಾನು ಅದನ್ನು ಮೆಲ್ಲಗೆ ರಾಶಿಯಲ್ಲಿ ಸೇರಿಸಿದೆ.

ಮೂರು ದಿನ ಬಿಟ್ಟು ನೀನು ಫೋನ್ ಮಾಡಿದೆ. ಅವ್ವಾ, ಸಣ್ಣ ಕಾರ್ಡುಗಳೆಲ್ಲ ನಿನ್ನ ಹತ್ತಿರವೇ ಸೇರಿದ್ದವು, ರೊಟ್ಟಿ ಮಾಡುವವಳ ಕಾರ್ಡೂ ನಿನಗೇ ಬಂದಿತ್ತಂತೆ, ಅದನ್ನು ಆಡಿದೆಯಾ ಎಂದು ಕೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಎದ್ದು ನಿಂತೇಬಿಟ್ಟೆ. ಆಡಿದೆ, ಏನೂ ಆಗಲಿಲ್ಲ, ಸೋತೆ ಎಂದೆ. ನೀನು, ಹಾಗಾದರೆ ಸಣ್ಣ ಮಂದಿಯನ್ನೆಲ್ಲ ತೆಗೆಯುತ್ತೇನೆ, ಆ ಕಾರ್ಡೂ ಇರುವುದಿಲ್ಲ ಎಂದೆ. ತೆಗಿ ಎಂದೆ ನಾನು. ಫೋನ್ ಇಟ್ಟ ಮೇಲೆ ಹಗುರವೆನಿಸಿತು. ಅದನ್ನೂ ಮುಚ್ಚಿಡುವುದಿಲ್ಲ.

ನಿನ್ನೆ ಸಂಜೆ ದಿಲನಾಜ ಬಂದಿದ್ದಳು. ತೆಗೆದುಹಾಕಿದ ಕಾರ್ಡುಗಳನ್ನು ಎಸೆದುಬಿಡು ಎಂದು ನೀನು ಹೇಳಿದ್ದೆಯಂತೆ. ತಾನೇ ಬರೆದ ಚಿತ್ರಗಳನ್ನು ಎಸೆಯಲು ಅವಳಿಗೆ ಮನಸ್ಸಾಗಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು ನನ್ನ ಕಾರ್ಡನ್ನು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟು, ಇದು ನಿಮ್ಮದು ಮೌಶಿ, ನೆನಪಿಗೆ ಇಟ್ಟುಕೊಳ್ಳಿ ಎಂದಳು. ನನಗೆ ತಡೆಯಲಾಗಲಿಲ್ಲ. ಒಂದು ಕಿಮ್ಮತ್ತಿನದನ್ನು ಇಟ್ಟುಕೊಂಡು ಏನು ಮಾಡಲಿ, ಒಲೆಗೆ ಹಾಕು ಎಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಕಾರ್ಡನ್ನು ಎತ್ತಿಕೊಂಡು ಕೆಳಗಿನ ಸಾಲನ್ನು ಓದಿ, ಬಿಡಿಸಿ ಹೇಳಿದಳು.

‘ಈಕಿ ಇರೂತನಕ ನಿಮ್ಮ ಕಡಿ ಸಣ್ಣ ಮಂದಿಗೆಲ್ಲಾ ತಲಾ ಮೂರು ಬಲ ಹೆಚ್ಚಿಗಿ. ಅವರನ್ನ ಯಾರೂ ಹೊರಗ ಹಾಕೂಹಂಗಿಲ್ಲ. ಹಿಂಗ ಬರದಾಳ್ರಿ ಮೌಶಿ, ನಿಮ್ಮ ದಾನಿ.’

ನನ್ನ ಕೈ ಹಿಟ್ಟಿನಲ್ಲಿಯೇ ನಿಂತಿತು. ಅವಳು ಇನ್ನೂ ಹೇಳುತ್ತಿದ್ದಳು. ಇಡೀ ಆಟದಲ್ಲಿ ಈ ಕಾರ್ಡು ಒಂದೇ ಒಂದು ಇರುವುದಂತೆ. ಇದು ಕೈಗೆ ಬಂತೆಂದರೆ ಆರಿಸುವ ರೀತಿಯೇ ಬದಲಾಗಬೇಕಂತೆ, ದೊಡ್ಡವರನ್ನು ಬಿಟ್ಟು, ಬೇರೆಯವರು ಬೇಡವೆಂದು ದಾಟಿಸಿದ್ದನ್ನೆಲ್ಲ ಕೂಡಿಸಿಕೊಳ್ಳಬೇಕಂತೆ. ಇದು ಇಲ್ಲದಿದ್ದರೆ ಚಹಾದ ಹುಡುಗ, ವಾಚ್‌ಮನ್ ಯಾರೂ ಯಾವ ಕೆಲಸಕ್ಕೂ ಬರುವುದಿಲ್ಲವಂತೆ. ನೀನು ಎಲ್ಲಕ್ಕಿಂತ ಮೊದಲು ಬರೆದದ್ದು ಇದನ್ನೇ, ಉಳಿದ ಸಣ್ಣ ಮಂದಿಯನ್ನೆಲ್ಲ ಇದರ ಸುತ್ತ ಕಟ್ಟಿದೆ ಎಂದಳು. ಇವರನ್ನೆಲ್ಲ ತೆಗೆದ ಮೇಲೆ ಹರಿಣಿ ಬಾಯಿಯವರಿಗೂ ಮೊದಲಿನ ಹುರುಪಿಲ್ಲವಂತೆ, ಛಾಪಿಸುತ್ತೇನೆ ಎಂದು ಮಾತು ಕೊಟ್ಟದ್ದಕ್ಕೆ ಛಾಪಿಸುತ್ತಾರಂತೆ.

ಬೇರೆಯವರು ಬೇಡವೆಂದದ್ದೆಲ್ಲ ನನ್ನ ಹತ್ತಿರವೇ ಇತ್ತಲ್ಲ. ಸಂಸ್ಕಾರ ಎಂದು ಆರಿಸಿ ಆರಿಸಿ ಅವರನ್ನೇ ಕೂಡಿಸಿಕೊಂಡಿದ್ದೆ. ಅವರ ನಡುವೆ ನಾನೊಬ್ಬಳು ಕುಳಿತರೆ ಸಾಕಿತ್ತು. ಆ ನನ್ನ ಮೇಲೆಯೇ ನಾನು ಕುಳಿತುಬಿಟ್ಟೆ.

ಅವತ್ತು ಇದನ್ನು ಆಡಿದಿರಲ್ಲ ಮೌಶಿ, ಆದರೂ ಹೇಗೆ ಸೋತಿರಿ ಎಂದು ದಿಲನಾಜ ಕೇಳಿದಳು. ರೊಟ್ಟಿ ಸೀಯುತ್ತಿದೆ ಎಂದು ನಾನು ಹೆಂಚಿನ ಕಡೆ ತಿರುಗಿದೆ. ಅವಳು ಹೋದ ಮೇಲೆ ಹೆಂಚು ಇಳಿಸಿ ಅಲ್ಲಿಯೇ ಕುಳಿತು ಅತ್ತೆ. ಖಾನಾವಳಿಯವನು ಬಂದು ರೊಟ್ಟಿ ಇನ್ನೂ ಆಗಿಲ್ಲವಾ ಎಂದು ಬೈದು ಹೋದ.

ಯಾವುದಕ್ಕೆ ಹೆಚ್ಚು ನಾಚಿಕೆ ಎಂದು ನನಗೇ ತಿಳಿಯುತ್ತಿಲ್ಲ. ಸುಳ್ಳು ಹೇಳಿದ್ದಕ್ಕಾ, ಕೆಲಸ ಮುಚ್ಚಿಟ್ಟಿದ್ದಕ್ಕಾ. ಇವೆರಡಕ್ಕಿಂತ, ಮಗಳು ನನಗೆ ಒಂದೇ ಕಿಮ್ಮತ್ತು ಹಾಕಿದಳು ಎಂದು ಇಷ್ಟು ದಿನ ನಿನ್ನ ಮೇಲೆ ಸಿಟ್ಟು ಇಟ್ಟುಕೊಂಡು, ಫೋನಿನಲ್ಲಿ ಊಟ ಮಾಡಿದೆಯಾ ಎಂದು ಕೂಡ ಕೇಳದೆ ಇದ್ದೆನಲ್ಲ, ಅದೇ ಹೆಚ್ಚು ಸುಡುತ್ತಿದೆ. ನೀನು ಕೆಲಸದ ಗಡಿಬಿಡಿಯಲ್ಲಿ ಗಮನಿಸಿರಲಿಕ್ಕಿಲ್ಲ. ಗಮನಿಸಿದ್ದರೆ ನನ್ನನ್ನು ಕ್ಷಮಿಸು, ನನ್ನವ್ವ.

ಸಣ್ಣ ಮಂದಿಯನ್ನು ತಿರುಗಿ ಸೇರಿಸು. ಇನ್ನೊಮ್ಮೆ ಎಲ್ಲರನ್ನೂ ಕೂರಿಸಿ ಆಡಿಸು. ನನ್ನನ್ನು ಕೂರಿಸಬೇಡ, ತಾಟು ಕಂಡರೆ ನನ್ನ ಕೈ ಮತ್ತೆ ಸಣ್ಣ ತುಂಡಿಗೇ ಹೋಗುತ್ತದೆ. ಅನಿಲನಿಗೆ ಬೇಗ ಮನೆ ಬಿಡಲು ಹೇಳು. ಆ ಕಾರ್ಡು ಸರಿಯಾದವರ ಕೈಗೆ ಬಂದು, ಅವರು ಅದನ್ನು ಕೆಳಗೆ ಇಳಿಸಿದರೂ ಸಣ್ಣ ಮಂದಿ ಸೋತರೆ, ಆಗ ತೆಗೆದುಹಾಕು. ನಾನು ಏನೂ ಎನ್ನುವುದಿಲ್ಲ. ಸೋಲುವುದಾದರೆ ಆಡಿ ಸೋಲಲಿ.

ಹೊತ್ತಿಗೆ ಸರಿಯಾಗಿ ಉಣ್ಣು. ಲೋಕಲ್‌ನ ಬಾಗಿಲಲ್ಲಿ ನಿಲ್ಲಬೇಡ. ಶರಣುವಿಗೆ ಕೇಳಿದೆ ಎಂದು ಹೇಳು, ಅಥವಾ ಹೇಳಬೇಡ, ನಿನಗೆ ಹೇಗೆ ತೋಚುತ್ತದೋ ಹಾಗೆ.

ನಿನ್ನ ಮುಂದೆ ಬಂದು ನಿಲ್ಲಲು ನಾಚುತ್ತಿರುವ,
ನಿನ್ನ ಅವ್ವ
ದೇವಕ್ಕ

ತಾ.ಕ.: ಅಂಟಿಸಿದ ಲಕೋಟೆಯನ್ನು ಒಡೆದು ಇದನ್ನು ಬರೆಯುತ್ತಿದ್ದೇನೆ. ಪತ್ರ ಒಯ್ಯಲು ಬಂದ ದಿಲನಾಜಳಿಗೆ ನಾನೇ ಎಲ್ಲವನ್ನೂ ಹೇಳಿಬಿಟ್ಟೆ. ಅವಳು, ನೀನು ಆ ಕಾರ್ಡು ತೆಗೆದದ್ದು ಆಟ ಸೋತದ್ದಕ್ಕಲ್ಲ ಎಂದಳು. ನೀನು ಅವಳ ಮುಂದೆ ಆಡಿದ ಮಾತನ್ನು ಹಾಗೆಯೇ ಹೇಳಿದಳು: ‘ರೊಟ್ಟಿ ಅಂಗಡಿಂದು ಅಂದಳು ನಮ್ಮವ್ವ. ಆಕಿಗಿ ಅಷ್ಟು ನಾಚಿಕಿ ಆಗ್ತದ ಅಂದ್ರ ಆ ಕಾರ್ಡು ಬ್ಯಾಡ, ತಗೀ.’ ನೀರು ತರಲು ಹೋದವಳಿಗೆ ಕೇಳಿಸಿತ್ತು ಎಂದಾಯಿತು. ಎರಡು ವರ್ಷದ ಕೆಲಸವನ್ನು ನನ್ನ ಮಾನ ಉಳಿಸಲು ಅರ್ಧ ಮಾಡಿದೆ, ಫೋನಿನಲ್ಲಿ ನನಗೆ ಬೇರೆಯೇ ಕಾರಣ ಕೊಟ್ಟೆ. ಸುಳ್ಳು ಹೇಳುವುದರಲ್ಲಿ ನೀನು ನನ್ನ ಮಗಳೇ.

ಪತ್ರದ ಜೊತೆ ಒಂದು ಗಂಟು ಕಳಿಸಿದ್ದೇನೆ, ಈಗ ತಾನೇ ಹೆಂಚಿನಿಂದ ಇಳಿಸಿದ ರೊಟ್ಟಿ. ನಿನಗಲ್ಲ, ಹರಿಣಿ ಬಾಯಿಯವರಿಗೆ. ಯಾವ ಅಂಗಡಿಯವು ಎಂದು ಕೇಳಿದರೆ ನನ್ನ ಹೆಸರು ಹೇಳು.